ಕುಂಟುವ ದನಕ್ಕೆ ಸ್ಟೀರಾಯ್ಡ್ ಸೂಜಿ: ಕೊಡಿಸುವ ಮುನ್ನ ಕೇಳಬೇಕಾದ ಮಾತು

(ಪಾಮನಕಲ್ಲೂರಿನಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ. ಸಭೆಗೆ ಬರಲಾಗದ ಸದಸ್ಯರಿಗಾಗಿ ಇಲ್ಲಿ ಅಚ್ಚು ಮಾಡಲಾಗಿದೆ.)



ಸಂಜೆ ಹಾಲು ಹಾಕುವ ಹೊತ್ತಾಗುವುದರೊಳಗೆ ಮಾತು ಮುಗಿಸಬೇಕೆಂದು ಕಾರ್ಯದರ್ಶಿಯವರು ಮೊದಲೇ ಹೇಳಿದ್ದಾರೆ. ಆದ್ದರಿಂದ ಇಂದು ಒಂದೇ ವಿಷಯ ತೆಗೆದುಕೊಳ್ಳುತ್ತೇನೆ. ದನ ಕುಂಟಿದಾಗ, ಕೀಲು ಬಾತಾಗ, ನೋವಿನಿಂದ ಮೇವು ಬಿಟ್ಟಾಗ ನೀವು ನಮ್ಮ ಬಳಿ ಬಂದು ಕೇಳುವ ಒಂದು ಸೂಜಿ ಇದೆ. ಕೆಲವರು ಅದನ್ನು "ಡೆಕ್ಸಾ" ಎನ್ನುತ್ತೀರಿ, ಕೆಲವರು "ಎದ್ದು ನಿಲ್ಲೋ ಸೂಜಿ" ಎನ್ನುತ್ತೀರಿ. ಅದು ಸ್ಟೀರಾಯ್ಡ್ ಜಾತಿಯ ಔಷಧಿ. ಅದನ್ನು ಕೊಡಿಸಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು ಹೇಗೆ ಎಂಬುದೇ ಇಂದಿನ ಮಾತು.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಊರಿನ ಹೆಸರು ಬೇಡ. ಒಂದು ಮನೆಯಲ್ಲಿ ಮುರ್ರಾ ಎಮ್ಮೆ, ಒಂಬತ್ತು ತಿಂಗಳ ಗಬ್ಬ, ಹಿಂಗಾಲು ಊರುತ್ತಿರಲಿಲ್ಲ. ಮನೆಯ ಯಜಮಾನ, "ಸಾಹೇಬ್ರ, ಪಕ್ಕದ ಮನಿ ಎತ್ತಿಗೆ ಕೊಟ್ಟಿದ್ರಲ್ಲ, ಅದೇ ಸೂಜಿ ಮಾಡ್ರಿ, ನಾಳೆ ಎದ್ದು ತಿರಗತೈತಿ" ಎಂದ. ಕತ್ತಲಾಗುತ್ತಿತ್ತು, ಇನ್ನೂ ನಾಲ್ಕು ಮನೆ ಬಾಕಿ ಇದ್ದವು. ಎಮ್ಮೆ ಗಬ್ಬ ಇರುವುದು ಕಣ್ಣಿಗೇ ಕಾಣುತ್ತಿತ್ತು. ಗಬ್ಬದ ದನಕ್ಕೆ ಈ ಔಷಧಿ ಅಪಾಯವೆಂದು ಓದಿಯೂ ಇದ್ದೆ. "ಒಂದು ಸಲಕ್ಕೆ ಏನಾದೀತು" ಎಂದುಕೊಂಡು ಕೊಟ್ಟೆ. ಮರುದಿನ ಎಮ್ಮೆ ನಡೆದಾಡಿತು. ನನ್ನನ್ನು ಕರೆದು ಚಹಾ ಕೊಟ್ಟರು. ಐದನೆಯ ದಿನ ಕಂದು ಹಾಕಿತು. ಹೆಣ್ಣು ಕರು. ಮಾಸು ಬೀಳಲಿಲ್ಲ, ಗರ್ಭಕೋಶ ಕೀವಾಯಿತು, ಆ ವರ್ಷದ ಹಾಲು ಹೋಯಿತು. ಆಮೇಲೆ ಗೊರಸು ತೊಳೆದು ನೋಡಿದರೆ ಒಳಗೆ ಮುರಿದ ಜಾಲಿ ಮುಳ್ಳು. ಅದನ್ನು ತೆಗೆದು ಕೀವು ಹರಿಸಿದ್ದರೆ ಕಾಲು ತಾನಾಗಿ ಊರುತ್ತಿತ್ತು.

ಆ ಮನೆಯ ತಾಯಿ ನನ್ನನ್ನು ಬೈಯಲಿಲ್ಲ. "ಸಾಹೇಬ್ರ, ನಾವು ಕೇಳಿದ್ವಿ ಖರೆ, ನೀವ್ಯಾಕ ಬ್ಯಾಡ ಅನ್ಲಿಲ್ಲ?" ಎಂದು ಮಾತ್ರ ಕೇಳಿದರು. ಅದಕ್ಕೆ ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ, ಯಾರಾದರೂ ಆ ಸೂಜಿ ಕೇಳಿದರೆ ನಾನು ಮೊದಲು ಕಾಲು ಎತ್ತಿಸಿ ನೋಡುತ್ತೇನೆ. ಬೇಡವಾದಲ್ಲಿ ಬೇಡ ಎನ್ನುತ್ತೇನೆ. ಆಗ ಕೆಲವರು ಸಿಟ್ಟಾಗಿ ಬೇರೆಯವರನ್ನು ಕರೆದುಕೊಂಡು ಬಂದು ಕೊಡಿಸುತ್ತಾರೆ. ಆದ್ದರಿಂದ ನಾನೊಬ್ಬ ಬೇಡ ಎಂದರೆ ಸಾಲದು. ಏಕೆ ಬೇಡ, ಯಾವಾಗ ಬೇಕು ಎಂಬುದು ನಿಮಗೂ ತಿಳಿದಿರಬೇಕು.

ಈ ಔಷಧಿ ಏನು ಮಾಡುತ್ತದೆ?

ನಮ್ಮ ದೇಹದಲ್ಲೂ ದನದ ದೇಹದಲ್ಲೂ ಮೂತ್ರಪಿಂಡದ ಮೇಲೆ ಒಂದು ಸಣ್ಣ ಗ್ರಂಥಿ ಇದೆ. ಅದು ಕಾರ್ಟಿಸಾಲ್ ಎಂಬ ರಸವನ್ನು ಸುರಿಸುತ್ತದೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಟ್ರಯಾಮ್ಸಿನೋಲೋನ್ ಮುಂತಾದವು ಅದೇ ರಸದ ಜಾತಿಯ, ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ಔಷಧಿಗಳು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟರು. ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ದಿನಗಳೆದಂತೆ ಅದರ ಅಡ್ಡ ಪರಿಣಾಮಗಳೂ ಒಂದೊಂದಾಗಿ ಕಂಡುಬಂದವು. ಒಳ್ಳೆಯದೂ ನಿಜ, ಕೆಟ್ಟದೂ ನಿಜ.

ಬಾವು, ಕಾವು, ನೋವು ಇವು ಮೂರೂ ದೇಹ ತನ್ನ ಗಾಯವನ್ನು ತಾನೇ ರಿಪೇರಿ ಮಾಡಿಕೊಳ್ಳುವ ಕೆಲಸದ ಗುರುತುಗಳು. ಸ್ಟೀರಾಯ್ಡ್ ಆ ಕೆಲಸವನ್ನೇ ನಿಲ್ಲಿಸುತ್ತದೆ. ಬಾವು ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ. ಆದರೆ ಮುಳ್ಳು ಅಲ್ಲೇ ಇರುತ್ತದೆ, ಕೀವು ಅಲ್ಲೇ ಇರುತ್ತದೆ, ರೋಗಾಣುಗಳ ವಿರುದ್ಧ ಹೋರಾಡುವ ಶಕ್ತಿ ಮಾತ್ರ ಕುಗ್ಗಿರುತ್ತದೆ. ಬಣವೆಗೆ ಬೆಂಕಿ ಬಿದ್ದಾಗ ಕೂಗುವವನ ಬಾಯಿ ಮುಚ್ಚಿಸಿದರೆ ಊರು ಸುಮ್ಮನಿರುತ್ತದೆ, ಬೆಂಕಿ ಸುಮ್ಮನಿರುವುದಿಲ್ಲ.

ಯಾವಾಗ ಕೊಡಲೇಬಾರದು?

1. ಗಬ್ಬದ ಕೊನೆಯ ಮೂರು ತಿಂಗಳು. ಹೊಟ್ಟೆಯಲ್ಲಿ ಕರು ಪೂರ್ತಿ ಬೆಳೆದಾಗ ಕರುವಿನ ದೇಹವೇ ಕಾರ್ಟಿಸಾಲ್ ಹೆಚ್ಚಿಸಿ "ನಾನು ಹೊರಗೆ ಬರುತ್ತೇನೆ" ಎಂದು ತಾಯಿಗೆ ತಿಳಿಸುತ್ತದೆ. ಹೆರಿಗೆ ಹಾಗೆ ಶುರುವಾಗುತ್ತದೆ. ನಾವು ಹೊರಗಿನಿಂದ ಸ್ಟೀರಾಯ್ಡ್ ಕೊಟ್ಟರೆ ದೇಹಕ್ಕೆ ಅದೇ ಸುದ್ದಿ ಹೋಗುತ್ತದೆ, ಕರು ಬೆಳೆದಿರಲಿ ಬಿಡಲಿ. ಆಕಳಿನ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ದಿನ ತುಂಬುವ ಮೊದಲೇ ಕಂದು ಹಾಕುವುದು, ಮಾಸು ಬೀಳದಿರುವುದು ಇದರ ಫಲ. ಇನ್ನೂ ಎಳೆಯ ಗಬ್ಬವಾದರೂ ಬೇರೆ ದಾರಿ ಇರುವಾಗ ಈ ದಾರಿ ಬೇಡ.

2. ಕೀವು, ಜ್ವರ, ಸೋಂಕು ಇರುವಾಗ. ಗೊರಸಿನೊಳಗಿನ ಕೀವು, ಕಾಲುಬಾಯಿ ಬೇನೆ, ಉಣ್ಣೆಯಿಂದ ಬರುವ ಜ್ವರಗಳು ಇದ್ದಾಗ ಈ ಸೂಜಿ ರೋಗವನ್ನು ಮುಚ್ಚಿಡುತ್ತದೆ, ಒಳಗೇ ಬಲಗೊಳಿಸುತ್ತದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಕಾಲು ಬಾತ ದನಗಳನ್ನು ನೀವೆಲ್ಲ ನೋಡಿದ್ದೀರಿ. ಅದು ವೈರಾಣುವಿನ ರೋಗ. ಅಂಥ ಬಾವಿಗೆ ಈ ಸೂಜಿಯೇ ಮದ್ದೆಂದು ತಿಳಿಯಬಾರದು.

3. ಹುಟ್ಟಿ ಕೆಲವೇ ದಿನಗಳಾದ ಕರುವಿನ ಮೊಣಕಾಲು ಬಾತಾಗ. ಹೊಕ್ಕಳು ಕೀವಾಗಿ ಆ ರೋಗಾಣು ರಕ್ತದ ಮೂಲಕ ಕೀಲಿಗೆ ಹೋಗಿರುತ್ತದೆ. ಮೊದಲು ಹೊಕ್ಕಳು ನೋಡಿರಿ. ಇಲ್ಲಿ ಬೇಕಾದುದು ಬೇಗನೆ ರೋಗಾಣುನಾಶಕ ಚಿಕಿತ್ಸೆ. ತಡವಾದರೆ ಕೀಲು ಶಾಶ್ವತವಾಗಿ ಕೆಡುತ್ತದೆ.

4. ಧಾನ್ಯ ತಿಂದು ಗೊರಸು ಬೆಂದಾಗ. ಮದುವೆ, ಜಾತ್ರೆ ಮುಗಿದ ಮೇಲೆ ಉಳಿದ ಅನ್ನವನ್ನು ದನಕ್ಕೆ ಸುರಿಯುತ್ತೇವೆ. ಇಲ್ಲವೇ ಜೋಳದ ರಾಶಿಗೆ ದನ ಬಾಯಿ ಹಾಕುತ್ತದೆ. ಹೊಟ್ಟೆ ಹುಳಿಯಾಗಿ ಎರಡು ಮೂರು ದಿನಕ್ಕೆ ನಾಲ್ಕೂ ಗೊರಸು ನೋಯತೊಡಗುತ್ತವೆ, ದನ ಮುಳ್ಳಿನ ಮೇಲೆ ನಡೆದಂತೆ ಹೆಜ್ಜೆ ಇಡುತ್ತದೆ. ಈ ಬೇನೆಗೆ ಸ್ಟೀರಾಯ್ಡ್ ಕೊಟ್ಟರೆ ಗೊರಸು ಇನ್ನೂ ಕೆಡುವ ಭಯವಿದೆ. ಹೊಟ್ಟೆಯ ಹುಳಿಗೆ ಮೊದಲು ಚಿಕಿತ್ಸೆ ಆಗಬೇಕು.

5. ಲಸಿಕೆ ಹಾಕಿಸುವ ದಿನಗಳಲ್ಲಿ. ಲಸಿಕೆ ಫಲಿಸಲು ದೇಹ ಎಚ್ಚರವಾಗಿರಬೇಕು. ಸ್ಟೀರಾಯ್ಡ್ ಅದನ್ನು ಮಂಪರಿಗೆ ತಳ್ಳುತ್ತದೆ.

ಇನ್ನೊಂದು ಮಾತು. ಈದ ಮೇಲೆ ಎಮ್ಮೆ ಮೇಲೇಳದೆ ಮಲಗಿದರೆ "ಎದ್ದು ನಿಲ್ಲೋ ಸೂಜಿ" ಕೇಳುತ್ತೀರಿ. ಈದ ಒಂದೆರಡು ದಿನದಲ್ಲಿ ಕಿವಿ ತಣ್ಣಗಾಗಿ ಕುತ್ತಿಗೆ ತಿರುಚಿ ಮಲಗಿದ್ದರೆ ಅದು ಬಹಳ ಮಟ್ಟಿಗೆ ಹಾಲು ಜ್ವರ. ಅದಕ್ಕೆ ಬೇಕಾದುದು ಕ್ಯಾಲ್ಸಿಯಂ.

ಯಾವಾಗ ಕೊಡಬಹುದು?

ಈ ಔಷಧಿಯನ್ನು ಶಪಿಸಲು ನಾನು ಇಲ್ಲಿ ನಿಂತಿಲ್ಲ. ನನ್ನ ಚೀಲದಲ್ಲೂ ಅದು ಇದೆ. ಸೂಜಿಯಿಂದಲೋ ಹುಳು ಕಡಿತದಿಂದಲೋ ದನಕ್ಕೆ ಒಗ್ಗದೆ ಮುಖ ಬಾತು ಉಸಿರು ಕಟ್ಟುವಾಗ ಬೇರೆ ಔಷಧಿಗಳ ಜೊತೆ ಇದು ಜೀವ ಉಳಿಸುತ್ತದೆ. ಈದ ಮೇಲೆ ಹೆಚ್ಚು ಹಾಲು ಕೊಡುವ ಆಕಳು ಮೇವು ಬಿಟ್ಟು, ಬಾಯಿಯಿಂದ ಒಂಥರಾ ಸಿಹಿ ವಾಸನೆ ಬರುವ ಕೀಟೋಸಿಸ್ ಬೇನೆಯಲ್ಲಿ ಗ್ಲೂಕೋಸ್ ಜೊತೆ ಕೊಡುತ್ತೇವೆ. ಪೆಟ್ಟು ಬಿದ್ದು ಕೀಲು ಬಾತಿದೆ, ಗಾಯವಿಲ್ಲ, ಕೀವಿಲ್ಲ, ಜ್ವರವಿಲ್ಲ, ಎಲುಬು ಮುರಿದಿಲ್ಲ, ದನ ಗಬ್ಬವಿಲ್ಲ ಎಂದು ಪರೀಕ್ಷೆ ಮಾಡಿ ಖಾತ್ರಿಯಾದ ಮೇಲೆ ಒಂದೆರಡು ಸಲಕ್ಕೆ ಮಿತವಾಗಿ ಕೊಡುವುದೂ ಉಂಟು. ಕೀಲಿನೊಳಕ್ಕೇ ಚುಚ್ಚುವ ಪದ್ಧತಿಯೂ ಇದೆ. ಆದರೆ ಅದು ಬಹಳ ಶುಚಿಯಾಗಿ ಪಶುವೈದ್ಯರೇ ಮಾಡಬೇಕಾದ ಕೆಲಸ. ಸೂಜಿಯ ತುದಿಯಲ್ಲಿ ಒಂದಿಷ್ಟು ಕೊಳೆ ಹೋದರೂ ಕೀಲೇ ಕೀವಾಗುತ್ತದೆ.

ಎತ್ತಿನ ಮಾತು

ಎತ್ತು ಕಟ್ಟಿದವರಿಗೆ ಒಂದು ವಿಶೇಷ ಮಾತು. ನಿಮ್ಮದು ಮಳೆಯ ಕಡೆಗೆ ಮುಖ ಮಾಡಿ ಕುಳಿತ ಭೂಮಿ. 5ಎ ಕಾಲುವೆಯ ನೀರಿಗಾಗಿ ಧರಣಿ ಕುಳಿತ ಊರಿನವರಿಗೆ ಮಳೆಯ ಬೆಲೆ ನಾನು ಹೇಳಬೇಕಾಗಿಲ್ಲ. ಎರೆ ಹೊಲದಲ್ಲಿ ಹದ ಬಂದ ನಾಲ್ಕು ದಿನದಲ್ಲಿ ಬಿತ್ತನೆ ಆಗಬೇಕು. ಆಗಲೇ ಎತ್ತು ಕುಂಟಿದರೆ "ಒಂದು ಸೂಜಿ ಮಾಡ್ರಿ, ಕೂರಿಗಿ ಮುಗೀಲಿ" ಎನ್ನುವುದು ಸಹಜ. ಆದರೆ ನೋವೇ ಎತ್ತಿಗೆ "ನಿಲ್ಲು" ಎಂದು ಹೇಳುವ ಮಾತು. ನೋವು ಮುಚ್ಚಿದ ಎತ್ತು ಭಾರ ಎಳೆಯುತ್ತದೆ, ಅರ್ಧ ಹರಿದ ಸ್ನಾಯು ಪೂರ್ತಿ ಹರಿಯುತ್ತದೆ. ನಾಲ್ಕು ದಿನದ ಬಿತ್ತನೆ ಆಗುತ್ತದೆ, ಎತ್ತು ಸಂತೆಗೆ ಹೋಗುತ್ತದೆ. ಆ ನಾಲ್ಕು ದಿನ ನೆರೆಯವರ ಎತ್ತನ್ನೋ ಬಾಡಿಗೆ ಟ್ರ್ಯಾಕ್ಟರನ್ನೋ ಹಿಡಿಯುವುದು ಕೈಗೆ ಭಾರವೆನಿಸಿದರೂ ಎತ್ತಿನ ಬೆಲೆಯ ಮುಂದೆ ಅದು ಹಗುರ. ಯಾವ ನೋವಿನ ಸೂಜಿ ಕೊಡಿಸಿದರೂ ಅದು ವಿಶ್ರಾಂತಿಗೆ ಬದಲು ಅಲ್ಲ, ವಿಶ್ರಾಂತಿಯ ಜೊತೆಗೆ.

ಹಾಗಾದರೆ ನೋವಿಗೆ ಏನು ಮಾಡಬೇಕು?

ದನವನ್ನು ನೋವಿನಲ್ಲಿ ಬಿಡಿ ಎಂದು ನಾನು ಹೇಳುವುದಿಲ್ಲ. ನೋವಿದ್ದ ದನ ಮೇವು ತಿನ್ನದು, ಹಾಲು ಇಳಿಸದು. ಮೊದಲ ಕೆಲಸ, ಕಾಲು ಎತ್ತಿ ಗೊರಸು ತೊಳೆದು ನೋಡುವುದು. ಹಾಲಿನ ದನ ಕುಂಟುವುದಕ್ಕೆ ಬಹುಪಾಲು ಕಾರಣ ಗೊರಸಿನಲ್ಲೇ ಇರುತ್ತದೆ, ಅದರಲ್ಲೂ ಹಿಂಗಾಲಿನ ಹೊರಗಿನ ಗೊರಸಿನಲ್ಲಿ. ಮುಳ್ಳು, ಕಲ್ಲು, ಮೊಳೆ, ಬಿರುಕು, ಗೊರಸಿನ ಸಂದಿಯ ಹುಣ್ಣು ಇವೆಯೇ ನೋಡಿರಿ. ಬಳ್ಳಾರಿ ಜಾಲಿ ತುಂಬಿದ ನಮ್ಮ ಸೀಮೆಯಲ್ಲಿ ಮುಳ್ಳನ್ನು ಮರೆಯಲೇಬಾರದು. ಬೆಳೆದ ಗೊರಸನ್ನು ಕತ್ತರಿಸಿ ಸಮ ಮಾಡಿಸಿರಿ. ಒಂದು ಗೊರಸು ನೊಂದಿದ್ದರೆ ಅದರ ಜೊತೆಯ ಒಳ್ಳೆಯ ಗೊರಸಿನ ಅಡಿಗೆ ಕಟ್ಟಿಗೆಯ ತುಂಡು ಅಂಟಿಸಿ ಭಾರ ತಪ್ಪಿಸುವ ಉಪಾಯವನ್ನೂ ವೈದ್ಯರು ಮಾಡುತ್ತಾರೆ. ಹೊಸ ಪೆಟ್ಟಿಗೆ ಮೊದಲ ದಿನ ತಣ್ಣೀರು, ಹಳೆಯ ಬಾವಿಗೆ ಬಿಸಿ ಉಪ್ಪುನೀರಿನ ಶಾಖ. ಬಂಡೆಯ ನೆಲಕ್ಕೆ ಕಣಿಕೆಯ ಕಸವನ್ನೋ ಭತ್ತದ ಹುಲ್ಲನ್ನೋ ದಪ್ಪಗೆ ಹಾಸಿರಿ. ಹಲವು ದನಗಳಿಗೆ ಗೊರಸಿನ ಸಂದಿ ಹುಣ್ಣಾಗಿದ್ದರೆ 100 ಲೀಟರ್ ನೀರಿಗೆ 5 ಕಿಲೋ ಮೈಲುತುತ್ತ ಕರಗಿಸಿ ಅದರಲ್ಲಿ ಗೊರಸು ಅದ್ದಿಸಿರಿ. ಅದು ವಿಷ, ದನ ಕುಡಿಯದಂತೆ ನೋಡಿಕೊಳ್ಳಿರಿ.

ನೋವಿಗೆ ಸ್ಟೀರಾಯ್ಡ್ ಅಲ್ಲದ ಔಷಧಿಗಳೂ ಇವೆ. ಅದರಲ್ಲಿ ಮೆಲಾಕ್ಸಿಕ್ಯಾಮ್ ಮುಖ್ಯವಾದದ್ದು. ಎಷ್ಟು ಕೊಡಬೇಕೆಂಬುದನ್ನು ದನದ ತೂಕ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಸ್ಟೀರಾಯ್ಡನ್ನೂ ಇದನ್ನೂ ಕೂಡಿಸಿ ಕೊಡಿಸಬೇಡಿರಿ, ಹೊಟ್ಟೆಯಲ್ಲಿ ಹುಣ್ಣಾಗುವ ಅಪಾಯ ಹೆಚ್ಚುತ್ತದೆ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಡೈಕ್ಲೋಫೆನಾಕ್ ತಂದು ದನಕ್ಕೆ ಕೊಡುವುದಂತೂ ಬೇಡವೇ ಬೇಡ. ಕಾರಣ ಕೇಳಿರಿ.

ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು, ಹಿಂದೆ ಊರ ಹೊರಗೆ ದನ ಸತ್ತರೆ ರಣಹದ್ದುಗಳು ಇಳಿಯುತ್ತಿದ್ದವು. 1990ರ ದಶಕದಿಂದ ಭಾರತದಲ್ಲಿ ಅವು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅಳಿದವು. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತರೆ ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ ಎಂದು 2004ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. 2006ರಲ್ಲಿ ಭಾರತ ಸರ್ಕಾರ ದನಗಳಿಗಾಗಿ ಅದನ್ನು ತಯಾರಿಸುವುದನ್ನು ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೇನ್ ಮತ್ತು ಅಸೆಕ್ಲೋಫೆನಾಕ್ ಕೂಡ ದನಗಳಿಗೆ ನಿಷೇಧವಾದವು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಸರ್ಕಾರ ಘೋಷಿಸಬೇಕಾಯಿತು. ಮೆಲಾಕ್ಸಿಕ್ಯಾಮ್ ಹದ್ದುಗಳಿಗೂ ಸುರಕ್ಷಿತ. ಒಂದು ಸೂಜಿ ನಮ್ಮ ಕೊಟ್ಟಿಗೆ ದಾಟಿ ಎಲ್ಲಿಯವರೆಗೆ ಹೋಗುತ್ತದೆ ನೋಡಿರಿ.

ಹಾಲಿನ ಲೆಕ್ಕ

ಸ್ಟೀರಾಯ್ಡ್ ಕೊಟ್ಟ ಮೇಲೆ ಕೆಲವು ದಿನ ಹಾಲು ಕಡಿಮೆಯಾಗುತ್ತದೆ. ಅದಲ್ಲದೆ ಔಷಧಿಯ ಅಂಶ ಹಾಲಿಗೂ ಬರುತ್ತದೆ. ಎಷ್ಟು ದಿನ ಹಾಲು ಹಾಕಬಾರದೆಂದು ಔಷಧಿಯ ಚೀಟಿಯ ಮೇಲೆ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಕನಿಷ್ಠ 7 ದಿನ ಎಂಬುದು 2012ರಿಂದ ಔಷಧ ನಿಯಮದಲ್ಲಿ ಸೇರಿದೆ. ಆ ದಿನಗಳ ಹಾಲನ್ನು ಡೇರಿಗೆ ಹಾಕಬಾರದು, ಮನೆಯ ಮಕ್ಕಳಿಗೂ ಕೊಡಬಾರದು. ದನಕ್ಕೆ ಸೂಜಿ ಮಾಡಿಸುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಕ್ಯಾನಿಗೆ ಬೀಳುವ ಹಾಲು ಎಲ್ಲರ ಹಾಲಿನ ಜೊತೆ ಬೆರೆಯುತ್ತದೆ.

ಸೂಜಿ ಚುಚ್ಚುವ ಮುನ್ನ

ವೈದ್ಯರು ಸೂಜಿ ತೆಗೆದಾಗ ಈ ಐದು ಮಾತು ಕೇಳಿರಿ. ಒಂದು, ನೋವು ಎಲ್ಲಿದೆ, ಕಾರಣ ಏನು? ಎರಡು, ಇದು ಸ್ಟೀರಾಯ್ಡೇ? ಮೂರು, ಇದಿಲ್ಲದೆ ಬೇರೆ ದಾರಿ ಇದೆಯೇ? ನಾಲ್ಕು, ಎಷ್ಟು ದಿನ ಹಾಲು ಹಾಕಬಾರದು? ಐದು, ಗುಣವಾಗದಿದ್ದರೆ ಮುಂದೇನು? ಕೇಳಿದರೆ ವೈದ್ಯರು ಸಿಟ್ಟಾಗುತ್ತಾರೆಂದು ಹೆದರಬೇಡಿರಿ. ಸರಿಯಾಗಿ ನೋಡಿದವರಿಗೆ ಉತ್ತರ ಹೇಳುವುದು ಕಷ್ಟವಲ್ಲ. ನೀವೂ ಅವರಿಗೆ ಮುಚ್ಚಿಡದೆ ಹೇಳಬೇಕು: ಎಷ್ಟು ತಿಂಗಳ ಗಬ್ಬ, ಜ್ವರ ಇತ್ತೇ, ಲಸಿಕೆ ಯಾವಾಗ ಹಾಕಿಸಿದ್ದು, ಈ ವಾರದಲ್ಲಿ ಬೇರೆ ಯಾರಾದರೂ ಸೂಜಿ ಮಾಡಿದ್ದಾರೆಯೇ. ಬೇರೆಯವರು ಮಾಡಿದ್ದನ್ನು ಮುಚ್ಚಿಟ್ಟು ಮತ್ತೊಂದು ಮಾಡಿಸಿದ ದನಗಳನ್ನು ನಾನು ಕಂಡಿದ್ದೇನೆ. ಖಾಲಿ ಬಾಟಲಿ ಎಸೆಯದೆ ಇಟ್ಟುಕೊಳ್ಳಿರಿ. ಹೆಸರು ತಿಳಿಯದಿದ್ದರೂ ಬಾಟಲಿ ತೋರಿಸಿದರೆ ನಮಗೆ ತಿಳಿಯುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ದಾರಿ ತೋಚದಿದ್ದರೆ 1962 ಸಂಖ್ಯೆಗೆ ಕರೆ ಮಾಡಿ ಪಶು ಸಂಜೀವಿನಿ ವಾಹನವನ್ನು ಕೇಳಿರಿ.

ಮನುಷ್ಯರ ಮೊಣಕಾಲು

ಮಾತು ಮುಗಿಸುವಾಗ ಮುಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಎದ್ದು, "ಸಾಹೇಬ್ರ, ದನದ್ದಾತು. ನನ್ನ ಮೊಣಕಾಲಿಗೆ ಸೂಜಿ ಮಾಡಿಸ್ಕೋ ಅಂತ ಡಾಕ್ಟರ್ ಅಂದಾರ, ಮಾಡಿಸ್ಕೊಳ್ಳಲೇನು?" ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಅದು ನಗುವ ಮಾತಲ್ಲ. ದಿನಕ್ಕೆರಡು ಸಲ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವವರ ಮೊಣಕಾಲು ಅದು.

ನಾನು ದನದ ಡಾಕ್ಟರ್, ಮನುಷ್ಯರಿಗೆ ಮದ್ದು ಹೇಳುವ ಅಧಿಕಾರ ನನಗಿಲ್ಲ. ತಿಳಿದಷ್ಟು ಹೇಳಿದೆ: ಅವ್ವಾ, ಆ ಸೂಜಿಯಿಂದ ನೋವು ಕೆಲವು ವಾರ ಕಡಿಮೆಯಾಗುವುದು ನಿಜ. ಸವೆದ ಕೀಲು ಅದರಿಂದ ಮತ್ತೆ ಬೆಳೆಯುವುದಿಲ್ಲ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊಣಕಾಲು ಸವೆದ 140 ಜನರಿಗೆ ಎರಡು ವರ್ಷ, ಪ್ರತಿ 12 ವಾರಕ್ಕೊಮ್ಮೆ ಸೂಜಿ ಕೊಟ್ಟರು. ಅರ್ಧ ಜನರಿಗೆ ಸ್ಟೀರಾಯ್ಡ್, ಉಳಿದರ್ಧ ಜನರಿಗೆ ಬರೀ ಉಪ್ಪುನೀರು. ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಸ್ಟೀರಾಯ್ಡ್ ಪಡೆದವರ ಕೀಲಿನ ಮೆತ್ತೆ ಮಾತ್ರ ಹೆಚ್ಚು ಸವೆದಿತ್ತು. ಹಾಗೆಂದು ಒಂದು ಸಲವೂ ಮಾಡಿಸಿಕೊಳ್ಳಬಾರದೆಂದಲ್ಲ. ತಡೆಯಲಾರದ ನೋವಿರುವಾಗ ಒಂದು ಸೂಜಿಯಿಂದ ಎದ್ದು ವ್ಯಾಯಾಮ ಶುರು ಮಾಡಿದವರೂ ಇದ್ದಾರೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು, ಸೂಜಿಯ ನಂತರ ಕೆಲವು ದಿನ ಸಕ್ಕರೆ ಏರುತ್ತದೆ. ಮೂಳೆ ಡಾಕ್ಟರ ಬಳಿ ಕೇಳಿ ಮಾಡಿಸಿರಿ, ಸಂತೆಯಲ್ಲಿ ಕೂತು ಚುಚ್ಚುವವರ ಬಳಿ ಬೇಡ. ದನದ ಪರವಾಗಿ ಕೇಳಲು ನಾನು ಹೇಳಿದ ಪ್ರಶ್ನೆಗಳನ್ನೇ ನಿಮ್ಮ ಪರವಾಗಿಯೂ ಕೇಳಿರಿ. ಕಾರಣ ಏನು, ಬೇರೆ ದಾರಿ ಏನು, ಎಷ್ಟು ಸಲ, ಮುಂದೇನು?

ಬಂಧುಗಳೇ, ದನಕ್ಕೆ ಬಾಯಿಲ್ಲ. ಅದರ ಪರವಾಗಿ "ಬೇಕು" ಎನ್ನುವವರೂ ನೀವೇ, "ಬೇಡ" ಎನ್ನುವವರೂ ನೀವೇ. ಆ ದಿನ ನಾನು ಬೇಡ ಎನ್ನದೆ ಹೋದೆ. ಮುಂದೆ ನಮ್ಮಂಥವರು ಅವಸರದಲ್ಲಿ ಸೂಜಿ ತೆಗೆದಾಗ, "ತಡೀರಿ ಸಾಹೇಬ್ರ, ಮೊದ್ಲು ಕಾಲೆತ್ತಿ ನೋಡ್ರಿ" ಎಂದು ನೀವೇ ಹೇಳಿರಿ. ಹಾಗೆ ಹೇಳುವ ಒಬ್ಬರು ಪ್ರತಿ ಮನೆಯಲ್ಲಿ ಇದ್ದರೆ ನಾನು ಇಂದು ಮಾತಾಡಿದ್ದು ಸಾರ್ಥಕ.